ಕುದುರೆಯ ಜೊತೆ ಒಪ್ಪಿಸುವ ಮಾತು

ಫೆಬ್ರವರಿ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಐದೂವರೆ. ಸ್ಥಳ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯ ಬದಿಯಲ್ಲಿರುವ ಹಳೆಯ ಹತ್ತಿ ಜಿನ್ನಿಂಗ್ ಮಿಲ್ಲಿನ ಆವರಣ. ಹಾಜರಿದ್ದವರು: ನಾನು, ಕೊಳ್ಳಲು ಬಂದ ಕುರುಗೋಡಿನ ನಾಗವೇಣಿ, ಪಿಕಪ್ ಗಾಡಿಯ ಚಾಲಕ ಈರಣ್ಣ, ಮತ್ತು ಚಂದ್ರಿ ಎಂಬ ಹೆಣ್ಣು ಕುದುರೆ. ಹುಸೇನ್ ಸಾಬರು ಹಾಜರಿರಲಿಲ್ಲ. ಅವರನ್ನು ಕರೆಯುವುದಿಲ್ಲ ಎಂದು ನಾನು ಹಿಂದಿನ ದಿನವೇ ತೀರ್ಮಾನಿಸಿದ್ದೆ.

ಚಂದ್ರಿ ನಾನು ಮಾರುವ ಕೊನೆಯ ಕುದುರೆ. ಆವರಣದ ಮಾಲೀಕರು ಅಲ್ಲಿ ಗೋದಾಮು ಕಟ್ಟುತ್ತಾರಂತೆ, ಆ ದಿನ ಸಂಜೆಯೊಳಗೆ ಲಾಯ ಖಾಲಿ ಮಾಡಬೇಕಿತ್ತು. ಚಂದ್ರಿಯನ್ನು ಕೇಳಿದವರು ಇಬ್ಬರೇ. ಒಬ್ಬ ಮದುವೆ ಬ್ಯಾಂಡಿನ ಗುತ್ತಿಗೆದಾರ. ಅವನ ಕೈಗೆ ಹೋದರೆ ಈ ವಯಸ್ಸಿನಲ್ಲಿ ಅವಳು ಡಾಂಬರು ರಸ್ತೆಯ ಮೇಲೆ, ಕಿವಿಗೆ ಮುಟ್ಟುವಷ್ಟು ಹತ್ತಿರ ಧ್ವನಿವರ್ಧಕ ಇಟ್ಟುಕೊಂಡು ಕುಣಿಯಬೇಕು. ಇನ್ನೊಬ್ಬಳು ನಾಗವೇಣಿ. ಕುಡತಿನಿಯ ಕಡೆ ವಿದ್ಯುತ್ ಸ್ಥಾವರದವರ ಮಕ್ಕಳಿಗೆ, ಬಳ್ಳಾರಿಯ ಒಂದೆರಡು ಶಾಲೆಗಳಿಗೆ, ಕುದುರೆ ಒಯ್ದು ಸವಾರಿ ಕಲಿಸುತ್ತಾಳೆ. ಅವಳ ಷರತ್ತು ಒಂದೇ ಆಗಿತ್ತು.

"ತಾತ, ಕುದುರಿ ಗಾಡಿ ಹತ್ತಬೇಕು. ದಿನಾ ಒಂದೊಂದು ಊರಿಗೆ ಒಯ್ಯಾಕಿ ನಾನು. ಹತ್ತಲಿಲ್ಲಂದ್ರ ಎಷ್ಟು ಚಲೋ ಕುದುರಿ ಇದ್ರೂ ನನಗ ಬ್ಯಾಡ."

ನ್ಯಾಯವಾದ ಮಾತು. ಆದರೆ ಚಂದ್ರಿಗೆ ಇದ್ದ ದೋಷವೂ ಅದೊಂದೇ. ಗಾಡಿ ಹತ್ತುವುದಿಲ್ಲ. ಹುಸೇನ್ ಸಾಬರು ಹೇಳಿದರೆ ಮಾತ್ರ ಹತ್ತುತ್ತಾಳೆ.

ಈ ವೃತ್ತಿಗೆ ಬರುವ ಹುಡುಗರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆಯಿರಿ ಎಂದು ನಾಗವೇಣಿ ಕೇಳಿದ್ದಾಳೆ. ಆ ಸೋಮವಾರದ ಕಥೆ ಹೇಳಬೇಕೆಂದರೆ ಹಿಂದಿನದನ್ನು ಸ್ವಲ್ಪ ಹೇಳಲೇಬೇಕು.

ನನಗೆ ಕೆಲಸ ಕಲಿಸಿದವರು ಜಮಾದಾರ್ ಯಲ್ಲಪ್ಪನವರು. ಪೊಲೀಸ್ ಕುದುರೆ ದಳದಿಂದ ನಿವೃತ್ತರಾಗಿ ಸಿರುಗುಪ್ಪದ ಒಬ್ಬ ಜಮೀನುದಾರರ ಲಾಯ ನೋಡಿಕೊಳ್ಳುತ್ತಿದ್ದರು. ಮೊದಲು ನೀರು, ಆಮೇಲೆ ಹುಲ್ಲು, ಕೊನೆಗೆ ಕಾಳು. ಈ ಕ್ರಮ ತಪ್ಪಿದ ದಿನ ನಮಗೂ ಊಟವಿರುತ್ತಿರಲಿಲ್ಲ. ಕುದುರೆ ಕೊಳ್ಳಲು ಹೋದಾಗ ನನ್ನನ್ನು ಕರೆದೊಯ್ಯುತ್ತಿದ್ದರು. ನಾನು ಬಾಗಿಲಲ್ಲೇ ಕುದುರೆಯ ಮುಖ ನೋಡುತ್ತ ನಿಂತರೆ ಕುತ್ತಿಗೆ ಹಿಡಿದು ಬಗ್ಗಿಸುತ್ತಿದ್ದರು.

"ಕುದುರಿ ಆಮ್ಯಾಲ ನೋಡಲೇ. ಮೊದಲ ನೆಲ ನೋಡು."

ನೆಲ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಲೆಕ್ಕ. ಮುಂಗಾಲಿನ ಕೆಳಗೆ ಗುಂಡಿ ಬಿದ್ದಿದ್ದರೆ ಅದು ದಿನವಿಡೀ ನೆಲ ಕೆರೆಯುವ ಕುದುರೆ. ಬಾಗಿಲ ಹಲಗೆ ಹಲ್ಲಿನಿಂದ ಸವೆದಿದ್ದರೆ ಅದು ಕಟ್ಟಿಗೆ ಕಚ್ಚಿ ಗಾಳಿ ನುಂಗುವ ಕುದುರೆ. ಒಂದೇ ಕಾಲಿನ ಜಾಗ ಗಟ್ಟಿಯಾಗಿ, ಇನ್ನೊಂದು ಕಾಲಿನ ಜಾಗ ಮೆತ್ತಗಿದ್ದರೆ ಅದು ನೋವಿನ ಕಾಲನ್ನು ಎತ್ತಿಟ್ಟುಕೊಂಡು ನಿಲ್ಲುತ್ತದೆ. ಇಷ್ಟು ನೋಡಿಕೊಂಡ ಮೇಲೆ ಕತ್ತೆತ್ತಲು ನಮಗೆ ಅನುಮತಿ.

ನಾವು ಹೆಚ್ಚಾಗಿ ವ್ಯಾಪಾರ ಮಾಡಿದ್ದು ಕಾಠಿಯಾವಾಡಿ ಕುದುರೆಗಳನ್ನು. ಗುಜರಾತಿನ ತಳಿ, ಅದರಲ್ಲಿ ಅರಬ್ಬಿ ರಕ್ತವಿದೆ. ಅಗಲ ಹಣೆ, ಸಣ್ಣ ಮೂತಿ, ಗಿಡ್ಡ ಬೆನ್ನು. ಎರಡೂ ಕಿವಿಗಳು ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುತ್ತವೆ. ನಮ್ಮ ಬಳ್ಳಾರಿಯ ಬಿಸಿಲಿಗೆ ಇದು ಹೇಳಿ ಮಾಡಿಸಿದ ಜಾತಿ. ಬೆಳಿಗ್ಗೆ ಸವಾರಿ, ಮಧ್ಯಾಹ್ನ ಭರ್ಜಿಯಿಂದ ನೆಲದ ಗೂಟ ಕೀಳುವ ಆಟ, ಸಂಜೆ ಮೆರವಣಿಗೆ, ಮರುದಿನ ಬೆನ್ನ ಮೇಲೊಂದು ಅಂಜುಬುರುಕ ಮಗು. ಎಲ್ಲಕ್ಕೂ ಒಂದೇ ಕುದುರೆ ಸಾಕು.

ಆ ಕಿವಿಯಿಂದಲೇ ನಾನು ಮೊದಲ ಪೆಟ್ಟು ತಿಂದದ್ದು. ಸ್ವಂತ ವ್ಯಾಪಾರ ಶುರು ಮಾಡಿದ ಹೊಸತು. ಸಿರುಗುಪ್ಪದಲ್ಲಿ ಒಂದು ಮದುವೆ ಮನೆಯ ಮುಂದೆ, ತಲೆ ತುಂಬ ಗೊಂಡೆ ಹಾಕಿ ನಿಲ್ಲಿಸಿದ್ದ ಕುದುರೆಯ ಕಿವಿ ನೋಡಿ ಮರುಳಾದೆ. ಕೊಂಡು ತಂದು ಮರುದಿನ ತಲೆ ತೊಳೆದರೆ ಎರಡೂ ಕಿವಿ ಎತ್ತಿನ ಕಿವಿಯ ಹಾಗೆ ಎರಡು ಕಡೆ ಬಿದ್ದವು. ಗೊಂಡೆಯ ಕೆಳಗೆ ಕಪ್ಪು ದಾರ ಕಟ್ಟಿ ತುದಿಗಳನ್ನು ಎಳೆದು ಕೂಡಿಸಿದ್ದರು. ಎದುರಿನ ಲಾಯದಿಂದ ಹುಸೇನ್ ಸಾಬರು ಚಹಾದ ಲೋಟ ಹಿಡಿದು ಬಂದು ನೋಡಿದರು.

"ವಿರುಪಣ್ಣ, ಇದಕ್ಕ ದಿನಾ ಹೊಲಿಗಿ ಹಾಕಸ್ತೀರೋ, ವಾರಕ್ಕೊಮ್ಮೆ ಹಾಕಸ್ತೀರೋ? ಕೌಲ್ ಬಜಾರದಾಗ ನನಗ ಚಲೋ ದರ್ಜಿ ಗೊತ್ತದಾನ."

ಹುಸೇನ್ ಸಾಬರ ಪರಿಚಯ ಇಷ್ಟು: ನನ್ನ ವಯಸ್ಸಿನವರು, ನನ್ನ ಕಸುಬಿನವರು, ಅದೇ ಮಿಲ್ಲಿನ ಆವರಣದಲ್ಲಿ ನನ್ನ ಎದುರಿನ ಸಾಲಿನಲ್ಲಿ ಲಾಯ ಇಟ್ಟವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತರು, ನಗು. ನಾನು ಪಾರ್ವತಿನಗರದ ಮನೆಯಿಂದ ಹೊರಟು ಐದೂವರೆಗೆ ಗೇಟು ತೆಗೆಯುವ ಹೊತ್ತಿಗೆ ಅವರು ಲಾಯದ ಮುಂದಿನ ಮಂಚದಲ್ಲಿ ಹೊದ್ದು ಮಲಗಿರುತ್ತಿದ್ದರು. ಆದರೂ ಕುದುರೆ ಮಾರುವುದರಲ್ಲಿ ನನಗಿಂತ ಯಾವಾಗಲೂ ಮುಂದೆ.

ಒಂದು ಉದಾಹರಣೆ ಹೇಳುತ್ತೇನೆ. ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿ ಮಾಲೀಕರಿಗೆ ಕುದುರೆ ಬೇಕಿತ್ತು. ಮನೆಮಾತು ತೆಲುಗು. ಇಬ್ಬರೂ ಒಂದೊಂದು ಕುದುರೆ ಒಯ್ದೆವು. ನಾನು ನನ್ನ ಕುದುರೆಯನ್ನು ಕ್ರಮವಾಗಿ ತೋರಿಸಿದೆ. ನಡಿಗೆ, ದುಡುಕಿ, ಓಟ, ಹಿಂದಕ್ಕೆ ಹೆಜ್ಜೆ, ಕಟ್ಟೆ ಹಾರುವುದು, ನಾಲ್ಕೂ ಗೊರಸು ಎತ್ತಿ ತೋರಿಸುವುದು. ಬೆವರು ಸುರಿಯುತ್ತಿತ್ತು. ಹುಸೇನ್ ಸಾಬರು ತಮ್ಮ ಕುದುರೆಯನ್ನು ಎಲ್ಲಿಗೂ ಓಡಿಸಲಿಲ್ಲ. ಜಗಲಿಯಲ್ಲಿ ಕೂತಿದ್ದ ಮಾಲೀಕರ ತಾಯಿಯ ಹತ್ತಿರ ನಡೆಸಿಕೊಂಡು ಹೋಗಿ ಅವರ ಕೈಗೆ ಒಂದು ಬಾಳೆಹಣ್ಣು ಕೊಟ್ಟರು. ಕುದುರೆ ತಲೆ ಬಗ್ಗಿಸಿ ತುಟಿಯಿಂದ ಹಣ್ಣು ತೆಗೆದುಕೊಂಡಿತು. "ಗುರ್ರಂ ಚಾಲಾ ಮಂಚಿದಿ ರಾ" ಎಂದರು ಮುದುಕಿ. ಕುದುರೆ ಬಹಳ ಒಳ್ಳೆಯದು ಎಂದು ತಾಯಿ ಹೇಳಿದ ಮೇಲೆ ಮಗ ನನ್ನ ಕುದುರೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕುದುರೆಯನ್ನು ಆಳಿನ ಜೊತೆ ಗಾಡಿಯಲ್ಲಿ ಕಳಿಸಿ, ಬರುವಾಗ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹೊಟ್ಟೆ ಉರಿಯುತ್ತಿರುವಾಗ ಬತ್ತದ ಗದ್ದೆಯ ಹಸಿರು ಕಣ್ಣಿಗೆ ಹಿತವಾಗಿರುವುದಿಲ್ಲ.

ಇನ್ನು ಚಂದ್ರಿಯ ವಿಷಯ. ಅವಳು ಮೊದಲು ಬರಬೇಕಾಗಿದ್ದು ನನಗೇ.

ಫೋನಿನಲ್ಲಿ ವಿಡಿಯೋ ಕಳಿಸಿ ವ್ಯಾಪಾರ ಮಾಡುವ ಪದ್ಧತಿ ಆಗ ತಾನೇ ಶುರುವಾಗಿತ್ತು. ಸಿರುಗುಪ್ಪದ ಹತ್ತಿರದ ಒಬ್ಬ ರೈತರು ಗುಜರಾತಿನಿಂದ ತಂದ ಹೆಣ್ಣು ಕುದುರೆಯ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ತಾವೇ ಫೋನು ಹಿಡಿದು, ತಮ್ಮನ್ನೂ ಕುದುರೆಯನ್ನೂ ತೋರಿಸುತ್ತ ಒಂದು ವಿಡಿಯೋ ಕಳಿಸಿದ್ದರು. ಕೆಂಗಂದು ಬಣ್ಣ, ಎಡ ಹಿಂಗಾಲಿನಲ್ಲಿ ಮಾತ್ರ ಬಿಳಿ ಪಟ್ಟಿ. ನಾನು ಹೋಗಿ ಮೊದಲು ನೆಲ ನೋಡಿದೆ. ಚೊಕ್ಕಟ. ಕತ್ತೆತ್ತಿದರೆ ಬಿಳಿ ಪಟ್ಟಿ ಬಲಗಾಲಿನಲ್ಲಿದೆ!

"ತೋರಿಸಿದ ಕುದುರಿ ಒಂದು, ಕಟ್ಟಿದ ಕುದುರಿ ಒಂದು. ಯಾರಿಗೆ ಟೋಪಿ ಹಾಕ್ತೀರಿ?" ಎಂದು ಕೇಳಿ ಎದ್ದು ಬಂದೆ. ಅವರು ಹಿಂದಿನಿಂದ ಕೂಗಿದರೂ ತಿರುಗಲಿಲ್ಲ. ಮರುವಾರ ಅದೇ ಕುದುರೆ ಹುಸೇನ್ ಸಾಬರ ಲಾಯದಲ್ಲಿ ನಿಂತು ಹುಲ್ಲು ತಿನ್ನುತ್ತಿತ್ತು.

"ಮುಂದಿನ ಕ್ಯಾಮೆರಾದಾಗ ತೆಗೆದ್ರ ಕನ್ನಡಿ ಇದ್ದಂಗ ರೀ, ಎಡ ಬಲ ಆಗ್ತತಿ. ನಿಮಗ ಗೊತ್ತಿರ್ಲಿಲ್ಲೇನು?" ಎಂದರು. ಅವರಿಗೂ ಗೊತ್ತಿರಲಿಲ್ಲ. ಆ ರೈತರೇ ಹೇಳಿದ್ದಂತೆ. ಅವರು ಕೂಗಿದಾಗ ನಾನು ತಿರುಗಿದ್ದರೆ ನನಗೂ ಹೇಳುತ್ತಿದ್ದರು.

ಅದಾದ ಮೇಲೆ ಪ್ರತಿದಿನ ಆ ಕುದುರೆಯನ್ನು ಎದುರಿನ ಸಾಲಿನಲ್ಲಿ ನೋಡುವುದೇ ನನಗೊಂದು ಶಿಕ್ಷೆ. ನನ್ನ ಕುದುರೆಗಳಿಗೆ ಮೈ ತಿಕ್ಕುತ್ತ ಕಣ್ಣು ಅತ್ತ ಇರುತ್ತಿತ್ತು. ಅವರು ತಡವಾಗಿ ಎದ್ದು, ನೀರು ಹುಲ್ಲು ಹಿಂದೆಮುಂದೆ ಮಾಡಿ, ಬೆಲ್ಲ ತಿನ್ನಿಸಿ, ಅವಳ ಕಿವಿಯಲ್ಲಿ ಏನೇನೋ ಮಾತಾಡುತ್ತಿದ್ದರು. ಅವಳು ಅವರ ಹಿಂದೆ ಹಗ್ಗವಿಲ್ಲದೆ ನಡೆಯುತ್ತಿದ್ದಳು. ಗಾಡಿಯ ಹಲಗೆ ಇಳಿಸಿದರೆ ಸಾಕು, ತಲೆ ತಗ್ಗಿಸಿ ಟಕಟಕ ಹತ್ತಿ ನಿಲ್ಲುತ್ತಿದ್ದಳು. ಯಾವ ಕ್ರಮವೂ ಇಲ್ಲದ ಮನುಷ್ಯನಿಗೆ ಕುದುರೆ ಹೀಗೆ ಒಲಿಯಬಾರದು ಎಂದು ನನಗೆ ಈಗಲೂ ಅನಿಸುತ್ತದೆ.

ಕೆಲವು ವರ್ಷಗಳ ನಂತರ ಅವರು ಮದುವೆ ಸಾರೋಟಿನ ವ್ಯಾಪಾರಕ್ಕೆ ಇಳಿದರು. ಅದಕ್ಕೆ ಬೇಕಾದದ್ದು ದಪ್ಪ ಮೈಯ ಬಿಳಿ ಜೋಡಿ. ಚಂದ್ರಿಯನ್ನು ಮಾರುತ್ತೇನೆ ಎಂದ ದಿನವೇ ನಾನು ಕೊಂಡೆ. ಚೌಕಾಸಿ ಮಾಡಲಿಲ್ಲ. ನನ್ನ ವೃತ್ತಿಯಲ್ಲಿ ಚೌಕಾಸಿ ಮಾಡದೆ ಕೊಂಡದ್ದು ಅದೊಂದೇ.

ನಮ್ಮ ಕಡೆಯ ವ್ಯಾಪಾರಿಗಳಲ್ಲಿ ಒಂದು ಪದ್ಧತಿ ಇದೆ. ಮಾರಿದವನು ತನ್ನ ಹಗ್ಗ ಬಿಚ್ಚಿಕೊಳ್ಳುತ್ತಾನೆ, ಕೊಂಡವನು ತನ್ನ ಹಗ್ಗ ಹಾಕುತ್ತಾನೆ. ಆಮೇಲೆ ಮಾತು ಒಪ್ಪಿಸುವುದು. ಕುದುರೆಗೆ ಯಾವ ಮಾತಿಗೆ ಏನು ಮಾಡಲು ಕಲಿಸಿದ್ದಾನೋ ಅದನ್ನೆಲ್ಲ ಮಾರಿದವನು ಒಂದೊಂದಾಗಿ ಹೇಳಬೇಕು. ಕೊಂಡವನು ಕುದುರೆಯ ಎದುರಿಗೆ ನಿಂತು ಅದೇ ಮಾತು ಹೇಳಬೇಕು. ಕುದುರೆ ಕೇಳಿದರೆ ವ್ಯಾಪಾರ ಮುಗಿದಂತೆ. ಹುಸೇನ್ ಸಾಬರು ಎಲ್ಲ ಮಾತು ಒಪ್ಪಿಸಿದರು. ನಿಲ್ಲುವ ಮಾತು, ಹೊರಡುವ ಮಾತು, ಕಾಲು ಕೊಡುವ ಮಾತು. ಗಾಡಿ ಹತ್ತುವ ಮಾತು ಯಾವುದು ಎಂದು ಕೇಳಿದೆ.

"ಅದಕ್ಕೇನ್ ಮಾತಿಲ್ಲ ವಿರುಪಣ್ಣ. ತಾನ ಹತ್ತತಾಳ."

ಹತ್ತಲಿಲ್ಲ. ಅಂದಿನಿಂದ ಅವಳನ್ನು ಗಾಡಿಗೆ ಹತ್ತಿಸುವುದೆಂದರೆ ಹಿಂದೆ ಇಬ್ಬರು ಕೈ ಕೈ ಹಿಡಿದು ತಳ್ಳಬೇಕು, ಮುಂದೆ ಒಬ್ಬ ಕಾಳಿನ ಬುಟ್ಟಿ ತೋರಿಸಬೇಕು. ಹುಸೇನ್ ಸಾಬರು ಆವರಣದಲ್ಲಿದ್ದರೆ ಬಂದು ಅವಳ ಕಿವಿಯ ಬಳಿ ತುಟಿ ಅಲ್ಲಾಡಿಸುತ್ತಿದ್ದರು, ಹತ್ತಿಬಿಡುತ್ತಿದ್ದಳು. ಏನು ಹೇಳಿದಿರಿ ಎಂದರೆ "ಏನಿಲ್ಲ, ಮುದ್ದು ಮಾಡಿದೆ" ಎನ್ನುತ್ತಿದ್ದರು. ಮಾತು ಮುಚ್ಚಿಟ್ಟು ಕುದುರೆ ಮಾರುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ಅವರು ಲಾಯವನ್ನು ಕೌಲ್ ಬಜಾರಿನ ಕಡೆಗೆ ಬದಲಿಸಿದ ಮೇಲೆ ನಾನು ಅವರೊಂದಿಗೆ ಮಾತು ಕಡಿಮೆ ಮಾಡಿದೆ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಕುದುರೆಗೆ ರೋಗವಿಲ್ಲವೆಂಬ ಪಶು ಆಸ್ಪತ್ರೆಯ ರಕ್ತ ಪರೀಕ್ಷೆಯ ಪತ್ರ ಮೊದಲೇ ಬಂದಿತ್ತು. ನಾಗವೇಣಿ ತಂದ ಹೊಸ ಹಗ್ಗ ಹಾಕಿದ್ದಾಯಿತು. ಹಲಗೆಯ ಮೇಲೆ ಹುಲ್ಲು ಹರಡಿದೆ. ಚಂದ್ರಿ ಮುಂಗಾಲು ಹಲಗೆಗೆ ಇಟ್ಟಳು, ತೆಗೆದಳು. ಬುಟ್ಟಿ ತೋರಿಸಿದೆ, ಕುತ್ತಿಗೆ ಚಾಚಿ ತಿಂದಳು, ಕಾಲು ಎತ್ತಲಿಲ್ಲ. ನಾನೂ ಈರಣ್ಣನೂ ಹಿಂದಿನಿಂದ ತಳ್ಳಿದರೆ ಪಕ್ಕಕ್ಕೆ ಸರಿದು ನಿಂತಳು. ಬಿಸಿಲು ಗೋಡೆ ದಾಟಿ ಒಳಗೆ ಬಂತು.

"ಅಮ್ಮಾರೆ, ನಂದು ಹತ್ತು ಗಂಟೆಗೆ ಸಿಮೆಂಟಿನ ಬಾಡಿಗಿ ಐತಿ," ಎಂದ ಈರಣ್ಣ. "ಈ ಕುದುರಿ ನೋಡಿದ್ರ ಎಲೆಕ್ಷನ್ನಿಗೆ ನಿಂತಂಗ ನಿಂತೈತಿ."

ನಾಗವೇಣಿ ನಗಲಿಲ್ಲ. ಚಂದ್ರಿಯ ಹಣೆ ಸವರಿ ನನ್ನ ಕಡೆ ತಿರುಗಿದಳು. "ತಾತ, ನನಗ ಇಕಿ ಮ್ಯಾಲ ಭಾಳ ಮನಸೈತಿ. ಆದ್ರ ಸಾಲಿ ಮಕ್ಕಳು ಕಾಯ್ಕೊಂಡ ನಿಂತಾಗ ನಾನು ಹಿಂಗ ತಳ್ಳಿಕೊಂತ ಕುಂದರಾಕ ಆಗಂಗಿಲ್ಲ. ಬ್ಯಾರೆ ದಾರಿ ಇದ್ರ ಹೇಳ್ರಿ. ಇಲ್ಲಂದ್ರ ನಾ ಹಗ್ಗ ಬಿಚ್ಚಿಕೋತೀನಿ."

ಬೇರೆ ದಾರಿ ಇತ್ತು. ಅದು ಕೌಲ್ ಬಜಾರಿನಲ್ಲಿತ್ತು. ಬ್ಯಾಂಡಿನವನ ಧ್ವನಿವರ್ಧಕ ನೆನಪಾಯಿತು. ಫೋನು ತೆಗೆದೆ.

ಹುಸೇನ್ ಸಾಬರು ಸ್ಕೂಟರಿನಲ್ಲಿ ಬಂದರು. ಬಿಳಿ ಅಂಗಿ, ಅದೇ ಅತ್ತರು. ಚಂದ್ರಿ ದೂರದಿಂದಲೇ ಕಿವಿ ನಿಮಿರಿಸಿ ಮೆಲ್ಲಗೆ ಹೂಂಕರಿಸಿದಳು. ನಾನು ಅಷ್ಟು ವರ್ಷ ಹೊತ್ತು ತಪ್ಪದೆ ನೀರು ಕುಡಿಸಿದವನು. ನನಗೆ ಒಮ್ಮೆಯೂ ಹಾಗೆ ಮಾಡಿದವಳಲ್ಲ.

ಅವರು ನೇರ ಅವಳ ಕಿವಿಯ ಬಳಿ ಬಾಗಿದರು. ನಾನು ಅಡ್ಡ ನಿಂತೆ.

"ಕಿವಿಯೊಳಗ ಬ್ಯಾಡ ಸಾಬ್ರ. ಇವತ್ತು ಮಾತು ಈ ಹುಡುಗಿಗೆ ಒಪ್ಪಿಸಬೇಕು. ಬಾಯಿ ಬಿಟ್ಟು ಹೇಳ್ರಿ."

"ಬ್ಯಾಡ್ರಿ ವಿರುಪಣ್ಣ. ಹತ್ತಸ್ತೀನಿ, ಸುಮ್ನಿರ್ರಿ."

"ಮಾತು ಐತೋ ಇಲ್ಲೋ?"

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ನಾಗವೇಣಿಯನ್ನು ನೋಡಿದರು, ಈರಣ್ಣನನ್ನು ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಚಂದ್ರಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಗಡಿಯಾರ ಬಂತು! ನಡೀ!"

ಚಂದ್ರಿ ತಲೆ ತಗ್ಗಿಸಿ ಟಕಟಕ ಹಲಗೆ ಹತ್ತಿ ಗಾಡಿಯಲ್ಲಿ ನಿಂತಳು.

"ಗಡಿಯಾರ ಅಂದ್ರೇನ್ರಿ?" ಎಂದು ನಾಗವೇಣಿ ಕೇಳಿದಳು. ಹುಸೇನ್ ಸಾಬರು ಗಲ್ಲದಿಂದ ನನ್ನ ಕಡೆ ತೋರಿಸಿದರು.

"ಇವ್ರ, ಬೇಟಿ. ದಿನಾ ಐದೂವರಿಗೆ ಗೇಟಿನ್ಯಾಗ ಇವ್ರ ಕೀಲಿಗೊಂಚಲ ಸಪ್ಪಳ. ನಾನಿನ್ನೂ ಹೊದ್ಕೊಂಡಿರ್ತಿದ್ದೆ. ಗಡಿಯಾರ ಬಂತು ನಡೀ ಅಂತ ಇಕಿಗೆ ಬೆಲ್ಲ ಕೊಟ್ಟು ಒಳಗ ಸರಸ್ತಿದ್ದೆ, ನಾನೂ ಏಳ್ತಿದ್ದೆ. ದಿನಾ ಅಂದೂ ಅಂದೂ ಅಕಿಗೆ ಅದ ಮಾತಾತು. ಆಮ್ಯಾಲ ಗಾಡಿ ಹತ್ತಾಕೂ ಅದ ಬಂತು."

"ನನಗ ಮಾರುವಾಗ ಯಾಕ ಹೇಳಲಿಲ್ಲ?" ಎಂದೆ.

"ಹೆಂಗ ಹೇಳ್ಲಿ? ನಿಮ್ಮ ಮುಂದ ನಿಂತು, ನಿಮಗಿಟ್ಟ ಅಡ್ಡಹೆಸರು ನಿಮಗ ಒಪ್ಪಸ್ಲಾ? ಚೌಕಾಸಿನೂ ಮಾಡದ ತಗೊಂಡ್ರಿ. ನನಗ ನಾಲಗಿ ಏಳಲಿಲ್ಲ."

ಈರಣ್ಣ ಗಾಡಿಯ ಹಿಂದೆ ಹೋಗಿ ನಗುತ್ತಿದ್ದ. ನಾನು ನಗಲಿಲ್ಲ. ಕೆಲಸ ಅರ್ಧವಾಗಿತ್ತು. ಮಾತು ಒಪ್ಪಿಸಬೇಕಾದವನು ಕುದುರೆಯ ಮಾಲೀಕ, ಹಳೆಯ ಮಾಲೀಕನಲ್ಲ. ಪದ್ಧತಿ ಎಂದರೆ ಪದ್ಧತಿ.

"ಕೆಳಗ ಇಳಿಸಿ ಇನ್ನೊಮ್ಮೆ ಹತ್ತಸೋಣ," ಎಂದೆ. ಅವಳ ಪಕ್ಕಕ್ಕೆ ನಿಂತು ನಾನೇ ಇಳಿಸಿದೆ. ಆಮೇಲೆ ಹಲಗೆಯ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡು ಹೇಳಿದೆ. "ಗಡಿಯಾರ ಬಂತು. ನಡಿ."

ಚಂದ್ರಿ ಗೇಟಿನ ಕಡೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಗೇಟಿನ ಕಡೆ ನೋಡಿದಳು. ಕಾಲು ಎತ್ತಲಿಲ್ಲ.

ಹುಸೇನ್ ಸಾಬರು ತಡೆಯಲಾರದೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. "ಗಡಿಯಾರನ ಬಂದು ಗಡಿಯಾರ ಬಂತು ಅಂದ್ರ ಅಕಿ ಯಾರ್ನ ನೋಡಬೇಕ್ರಿ?"

ನಾಗವೇಣಿ ನನ್ನ ತೋಳು ಹಿಡಿದು ಗೇಟಿನ ಹತ್ತಿರ ನಿಲ್ಲಿಸಿದಳು. "ತಾತ, ಕೀಲಿ ಅಲ್ಲಾಡಸ್ರಿ." ಅಲ್ಲಾಡಿಸಿದೆ. ಅವಳು ಹಗ್ಗ ಸಡಿಲ ಬಿಟ್ಟು, "ಗಡಿಯಾರ ಬಂತು, ನಡೀ," ಎಂದಳು. ಚಂದ್ರಿ ಹತ್ತಿದಳು. ನಾನೇ ಮತ್ತೆ ಇಳಿಸಿದೆ, ಕೀಲಿ ಇಲ್ಲದೆ ಇನ್ನೊಮ್ಮೆ ಪ್ರಯತ್ನಿಸಿದೆವು. ಆಗಲೂ ಹತ್ತಿದಳು. ಮೊದಲ ದಿನ, ಮೊದಲ ಮಾತು. ಕುರುಗೋಡಿನ ಈ ಹುಡುಗಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಹೊಸಬರು ತಿಳಿದುಕೊಳ್ಳಲಿ, ಈ ಕಸುಬಿನಲ್ಲಿ ಅದು ತಪ್ಪುವುದಿಲ್ಲ. ಚೆನ್ನಾಗಿ ಸಾಕಿದ ಕುದುರೆ ಇನ್ನೊಬ್ಬರ ಮಾತು ಬೇಗ ಕೇಳುತ್ತದೆ. ಅದೇ ಒಳ್ಳೆಯ ಮಾಲು.

ಗಾಡಿ ಹೋಯಿತು. ಹುಸೇನ್ ಸಾಬರು ಹೋಗಲಿಲ್ಲ. ಎದುರಿನ ಅಂಗಡಿಯಿಂದ ಚಹಾ ತರಿಸಿದರು. ನಾನು ಬಕೆಟ್ಟು ತೊಳೆದು ಬೋರಲು ಹಾಕಿದೆ. ಲಾಯ ಗುಡಿಸಿದೆ. ಗೂಟದಿಂದ ನನ್ನ ಹಗ್ಗ ತೆಗೆದು ಸುತ್ತುತ್ತಿರುವಾಗ ನಾಗವೇಣಿಯ ಫೋನು ಬಂತು.

"ತಾತ, ಕುರುಗೋಡು ಮುಟ್ಟೀವಿ. ಆದ್ರ ಇಳಿಯೋವಲ್ಲಳು! ಹಲಗಿ ಹಾಕಿ ಎಷ್ಟೊತ್ತಾತು. ಹಗ್ಗ ಜಗ್ಗಿದ್ರ ಹಿಂದಕ್ಕ ಒತ್ತಿ ನಿಲ್ತಾಳ."

ನಾನು ಹಗ್ಗ ಕೆಳಗಿಟ್ಟೆ. ಚಂದ್ರಿಗೆ ಮೊದಲು ಗಾಡಿಯಿಂದ ಒಮ್ಮೆಲೇ ಜಿಗಿಯುವ ಚಟವಿತ್ತು. ಕಾಲು ಮುರಿದುಕೊಳ್ಳುತ್ತಾಳೆಂದು, ನಾನು ಹೇಳುವವರೆಗೆ ಇಳಿಯಬಾರದೆಂದು ಕಲಿಸಿದವನು ನಾನು. ಹುಸೇನ್ ಸಾಬರ ಮಾತಿನ ಗದ್ದಲದಲ್ಲಿ ನನ್ನ ಮಾತು ಒಪ್ಪಿಸುವುದೇ ಉಳಿದುಹೋಗಿತ್ತು. ಬೆಳಿಗ್ಗೆ ಎರಡು ಸಲ ಇಳಿಸುವಾಗಲೂ ಅವಳ ಕುತ್ತಿಗೆಗೆ ಮುಖ ಇಟ್ಟು ಮೆಲ್ಲಗೆ ಹೇಳಿದ್ದರಿಂದ ಯಾರಿಗೂ ಕೇಳಿರಲಿಲ್ಲ.

"ಫೋನು ಸ್ಪೀಕರಿಗೆ ಹಾಕಿ ಅಕಿ ಹತ್ತಿರ ಹಿಡಿಯವ್ವ," ಎಂದೆ. ಹುಸೇನ್ ಸಾಬರು ಕುತೂಹಲದಿಂದ ಲೋಟ ಕೆಳಗಿಟ್ಟರು. ದೂರ ಹೋಗಿ ಹೇಳಬೇಕೆನಿಸಿತು. ಆದರೆ ಅವರು ಬೆಳಿಗ್ಗೆ ಎಲ್ಲರೆದುರು ಬಾಯಿ ಬಿಟ್ಟಿದ್ದರು. ನಿಂತಲ್ಲೇ ಹೇಳಿದೆ.

"ಬಾರವ್ವ. ಸಾವಕಾಶ. ನಮ್ಮವ್ವ, ಬಾ."

ಫೋನಿನಲ್ಲಿ ಹಲಗೆಯ ಮೇಲೆ ಗೊರಸಿನ ಸದ್ದು ಒಂದೊಂದಾಗಿ ಕೇಳಿಸಿತು. ಅದಕ್ಕೂ ಮೊದಲು ಇನ್ನೊಂದು ಸದ್ದು ಬಂತು. ಬೆಳಿಗ್ಗೆ ಸ್ಕೂಟರಿನ ಸದ್ದಿಗೆ ಹೂಂಕರಿಸಿದ್ದಳಲ್ಲ, ಅದೇ.

"ಇಳದ್ಲು ತಾತ!" ಎಂದಳು ನಾಗವೇಣಿ. ಮಾತನ್ನು ಅವಳಿಂದ ಎರಡು ಸಲ ಹೇಳಿಸಿ, ಸರಿಯಾಗಿದೆ ಎಂದ ಮೇಲೆ ಫೋನು ಇಟ್ಟೆ.

ಹುಸೇನ್ ಸಾಬರು ಚಹಾ ಮುಟ್ಟಿರಲಿಲ್ಲ. ಅವರ ಮುಖ ನಾನು ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದ ಮುಖದ ಹಾಗೆ ಇತ್ತು.

"ಕುದುರಿಗೆ ನಮ್ಮವ್ವ ಅಂತೀರಿ," ಎಂದರು. "ಇಷ್ಟು ವರ್ಷ ಎದುರಾಬದುರಾ ಇದ್ವಿ. ನನಗ ಒಂದಿನ ನಮ್ಮಣ್ಣ ಅನ್ನಲಿಲ್ಲ ನೀವು."

"ಐದೂವರಿಗೆ ಎದ್ದಿದ್ರ ಅಂತಿದ್ದೆ," ಎಂದೆ.

ಹಗ್ಗ ಸುತ್ತಿ ಮುಗಿಸಿ ಹೆಗಲಿಗೆ ಹಾಕಿಕೊಂಡೆ. ಅವರು ಗೇಟಿನ ಒಂದು ಬಾಗಿಲು ಎಳೆದರು, ನಾನು ಇನ್ನೊಂದನ್ನು ಎಳೆದು ಬೀಗ ಹಾಕಿದೆ. ಕೀಲಿಗೊಂಚಲನ್ನು ಮಾಲೀಕರ ಕಾವಲುಗಾರನಿಗೆ ಒಪ್ಪಿಸಿದೆ.